ಲೈನ್ ಕಾರ್ಡಿನ ತಾಕತ್ತು ಸಣ್ಣ ಪ್ಯಾಕೆಟ್ಟಿನಲ್ಲಿ ಗೊತ್ತಾಗುತ್ತದೆ

ದೂರಸಂಪರ್ಕ ಕಂಪನಿಗಳ ದೊಡ್ಡ ರೌಟರುಗಳ ಬಗ್ಗೆ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಟೆರಾಬಿಟ್? 2004ರಲ್ಲಿ ಸಿಸ್ಕೊ ಸಿಆರ್‌ಎಸ್-1 ಬಂದಾಗ ಸ್ಲಾಟಿಗೆ 40 ಗಿಗಾಬಿಟ್ ಎನ್ನುವುದೇ ದೊಡ್ಡ ಮಾತಾಗಿತ್ತು. 2019ರ ಕೊನೆಗೆ ಅದೇ ಕಂಪನಿ 8000 ಸರಣಿಯನ್ನು ಪ್ರಕಟಿಸಿತು. ಅದರ ಸ್ಲಾಟಿನಲ್ಲಿ ಕೂರುವ ಒಂದು ಲೈನ್ ಕಾರ್ಡಿನಲ್ಲಿ 400 ಗಿಗಾಬಿಟ್ಟಿನ 36 ಪೋರ್ಟುಗಳು, ಒಟ್ಟು 14.4 ಟೆರಾಬಿಟ್. ಹದಿನೈದೇ ವರ್ಷದಲ್ಲಿ 360 ಪಟ್ಟು! ಆದರೂ ಕಾರ್ಡಿನ ಯೋಗ್ಯತೆ ಅಳೆಯಲು ಈ ಅಂಕಿಯೊಂದೇ ಸಾಲದು.

ದಾರಿಗಳ ಪಟ್ಟಿ ಸಿದ್ಧಮಾಡುವುದು ರೌಟ್ ಪ್ರೊಸೆಸರ್. ಬಂದ ಒಂದೊಂದು ಪ್ಯಾಕೆಟ್ಟನ್ನೂ ಎತ್ತ ಕಳಿಸಬೇಕೆಂದು ತೀರ್ಮಾನಿಸುವುದು ಮಾತ್ರ ಕಾರ್ಡಿನ ಮೇಲಿನ ಚಿಪ್. ಮೊದಲು ಅದಕ್ಕೆ ಸಿಗುವ ಸಮಯ ನೋಡಿ. ಈಥರ್ನೆಟ್ಟಿನ ಅತಿ ಸಣ್ಣ ಪ್ಯಾಕೆಟ್ 64 ಬೈಟ್. ನಡುವಿನ ಅಂತರ ಮುಂತಾದವೂ ಸೇರಿ ತಂತಿಯ ಮೇಲೆ 84 ಬೈಟ್. 400 ಗಿಗಾಬಿಟ್ ಪೋರ್ಟಿನಲ್ಲಿ ಇಂಥವು ಸೆಕೆಂಡಿಗೆ ಸುಮಾರು 59.5 ಕೋಟಿ ಬರುತ್ತವೆ. ಅಂದರೆ 1.68 ನ್ಯಾನೋಸೆಕೆಂಡಿಗೊಂದು. ಅಷ್ಟರಲ್ಲಿ ಫೈಬರಿನೊಳಗಿನ ಬೆಳಕು ಸಾಗುವುದು ಮೂವತ್ತನಾಲ್ಕು ಸೆಂಟಿಮೀಟರ್, ಒಂದು ಮೊಳಕ್ಕೂ ಕಡಿಮೆ! ವಿಳಾಸ ಹುಡುಕಿ, ಫಿಲ್ಟರ್ ಪರಿಶೀಲಿಸಿ, ಸರತಿಗೆ ಸೇರಿಸಿ ಇದೇ ಲಯದಲ್ಲಿ ಪ್ಯಾಕೆಟ್ಟುಗಳನ್ನು ದಾಟಿಸುತ್ತಲೇ ಇರುವ ಚಿಪ್ಪಿನ ಮುಂದೆ ನಾನು ತಲೆಬಾಗುತ್ತೇನೆ. 1500 ಬೈಟಿನ ಪ್ಯಾಕೆಟ್ಟಾದರೆ ಹದಿನೆಂಟು ಪಟ್ಟು ಹೆಚ್ಚು ಬಿಡುವು. ದೊಡ್ಡ ಪ್ಯಾಕೆಟ್ ಹರಿಸಿ ಪೂರ್ಣ ವೇಗ ತೋರಿಸುವುದು ಸುಲಭ ಎನ್ನುವುದು ಅದಕ್ಕೇ. ದಾಳಿಕೋರರು ಕಳಿಸುವ ಹಲವು ಬಗೆಯ ಪ್ರವಾಹಗಳಲ್ಲಿ ಸಣ್ಣವೇ ಹೆಚ್ಚು.

ಎರಡನೆಯದು ಪಟ್ಟಿಯ ಜಾಗ. 2014ರ ಆಗಸ್ಟ್ 12ರಂದು ಜಾಗತಿಕ ಐಪಿವಿ4 ದಾರಿಗಳ ಸಂಖ್ಯೆ 5,12,000ದ ಗಡಿ ಮುಟ್ಟಿತು. ಹಲವು ಹಳೆಯ ರೌಟರುಗಳ ಟಿಕ್ಯಾಮ್ ಸ್ಮೃತಿಯಲ್ಲಿ ದಾರಿಗಳಿಗೆ ಮೀಸಲಾಗಿದ್ದ ಜಾಗ ಅಷ್ಟೇ ಆಗಿತ್ತು. ಅಂದು ಹಲವೆಡೆ ಇಂಟರ್ನೆಟ್ ಮುಗ್ಗರಿಸಿತು. ಲಿಂಕುಗಳ ವೇಗಕ್ಕೆ ಕೊರತೆಯಿರಲಿಲ್ಲ, ಬರೆದಿಟ್ಟುಕೊಳ್ಳಲು ಜಾಗವಿರಲಿಲ್ಲ. ಇಂದು ಆ ಪಟ್ಟಿ ಒಂಬತ್ತು ಲಕ್ಷ ದಾಟಿದೆ.

ಮೂರನೆಯದು ಬಫರ್. 400 ಗಿಗಾಬಿಟ್ ಹರಿವನ್ನು 50 ಮಿಲಿಸೆಕೆಂಡ್ ತಡೆಹಿಡಿಯಲು 2.5 ಗಿಗಾಬೈಟ್ ಸ್ಮೃತಿ ಬೇಕು. ಇದು ಚಿಪ್ಪಿನೊಳಗೆ ಹಿಡಿಸುವ ಮಾತಲ್ಲ. ಪಕ್ಕದಲ್ಲೇ ವೇಗದ ಸ್ಮೃತಿಯನ್ನು ಕೂರಿಸಬೇಕು. ಜೊತೆಗೆ, ಹೊರಹೋಗುವ ಪ್ರತಿ ಪೋರ್ಟಿಗೂ ಒಳಬರುವ ಕಡೆಯಲ್ಲೇ ಬೇರೆ ಬೇರೆ ಸರತಿ ಇರಬೇಕು. ಇಲ್ಲದಿದ್ದರೆ ಒಂದು ಪೋರ್ಟಿನ ದಟ್ಟಣೆ ಉಳಿದವನ್ನೂ ಕಟ್ಟಿಹಾಕುತ್ತದೆ.

ಕಾರ್ಡನ್ನು ಎದುರಿನಿಂದ ನೋಡಿದರೆ ಇನ್ನೊಂದು ಸತ್ಯ ಕಾಣುತ್ತದೆ. ಸಾಲು ಹಿಡಿದ ಪೋರ್ಟುಗಳ ನಡುವೆ ಉಳಿದ ಅಂಗುಲ ಅಂಗುಲದಲ್ಲೂ ಗಾಳಿಗಾಗಿ ತೂತುಗಳು. ದೂರದ ಫೈಬರಿಗೆ ಹಾಕುವ ಕೊಹೆರೆಂಟ್ ಆಪ್ಟಿಕ್ಸ್ ಒಂದೊಂದೂ 15ರಿಂದ 20 ವ್ಯಾಟ್ ಉಣ್ಣುತ್ತದೆ. ಆ ಶಾಖವನ್ನೆಲ್ಲ ಹಿಂದಕ್ಕೆಳೆಯುವ ಫ್ಯಾನ್ ಸೋತರೆ ಟೆರಾಬಿಟ್ಟಿನ ಮಾತು ಅಲ್ಲಿಗೇ ಮುಗಿಯಿತು.

ಬೆಂಗಳೂರಿನಲ್ಲಿ ಇಂಥ ಕಾರ್ಡುಗಳಿಗೆ ಸಾಫ್ಟ್‌ವೇರ್ ಬರೆಯುವವರು, ಪರೀಕ್ಷಿಸುವವರು, ಕೊಳ್ಳುವವರು ಎಲ್ಲರೂ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ ಇಷ್ಟೇ. 1999ರ ಆರ್‌ಎಫ್‌ಸಿ 2544 ಪರೀಕ್ಷಾಕ್ರಮ 64 ಬೈಟಿನಿಂದಲೇ ಶುರುವಾಗುತ್ತದೆ. ನೀವೂ ಅಲ್ಲಿಂದಲೇ ಶುರುಮಾಡಿ. ಎಲ್ಲ ಪೋರ್ಟೂ ಒಟ್ಟಿಗೆ, ಪೂರ್ಣ ಪಟ್ಟಿ ತುಂಬಿ, ಫಿಲ್ಟರುಗಳನ್ನು ಹಾಕಿಯೇ ಓಡಿಸಿ. ಬಂದ ಫಲಿತಾಂಶ ನೋಡಿ ಕೊಳ್ಳಿ.