ಸಣ್ಣ ಭಾಷೆಯ ಪತ್ರಿಕೆ

ಹೇಮಾವತಿ ಹುಟ್ಟುವ ನಮ್ಮ ಜಾವಳಿ ಸುತ್ತಿನ ಕಾಫಿ ತೋಟಗಳಲ್ಲಿ ಕನ್ನಡದ ಜೊತೆಗೆ ತುಳುವೂ ಕಿವಿಗೆ ಬೀಳುತ್ತದೆ. ಹಾಗಾಗಿ ತುಳು ಸಾಹಿತ್ಯ ಅಕಾಡೆಮಿಯ ತ್ರೈಮಾಸಿಕ ‘ಮದಿಪು’ ನನಗೆ ಪರವೂರಿನದಲ್ಲ. ಬಾಯಿಂದ ಬಾಯಿಗೆ ಬಂದ ಪಾಡ್ದನವೆಂಬ ಕಥನಗೀತೆಗಳ ಭಾಷೆ ಕನ್ನಡ ಲಿಪಿಯಲ್ಲಿ ಅಚ್ಚಾದದ್ದನ್ನು ನೋಡುವುದೇ ಒಂದು ಸಂತೋಷ.

ಇದೇ ಹಾದಿಯ ಹಿರಿಯ ಪತ್ರಿಕೆಯೊಂದು ಜರ್ಮನಿಯಲ್ಲಿದೆ. ಅಲ್ಲಿನ ಪೂರ್ವ ಭಾಗದ ಸೋರ್ಬರು ಸ್ಲಾವ್ ನುಡಿಯ ಜನ. ಅವರ ವಿದ್ವತ್ ಸಂಘ 1848ರಲ್ಲಿ ಆರಂಭಿಸಿದ ಪತ್ರಿಕೆ ನಾಜಿ ಆಡಳಿತದಲ್ಲಿ, 1937ರಲ್ಲಿ, ನಿಂತುಹೋಯಿತು. ಆದರೂ ಅವರು ಸೋಲಲಿಲ್ಲ. 1952ರಲ್ಲಿ ಬೌಟ್ಸೆನ್ ಪಟ್ಟಣದಿಂದ ‘ಲೆತೊಪಿಸ್’ ಎಂಬ ಪತ್ರಿಕೆ ಹೊರಬಂತು; ಮುಂದೆ ಬೇರೆ ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೂ ಜಾಗ ಕೊಟ್ಟಿತು. ನಾನು ಹೆಚ್ಚು ಮೆಚ್ಚುವುದು ಆ ಉದಾರತೆಯನ್ನೇ. ನಮ್ಮಲ್ಲೂ ತುಳು, ಕೊಡವ, ಅರೆಭಾಷೆ, ಬ್ಯಾರಿ ವಿದ್ವಾಂಸರು ಒಂದೇ ಸಂಚಿಕೆಯಲ್ಲಿ ಬರೆಯುವಂತಾಗಬೇಕು.