ಬೀಗ ಬಿದ್ದ ಮನೆಯ ಲೆಕ್ಕ

ಭಾರತದಲ್ಲಿ ವಲಸೆಯ ಅಧ್ಯಯನ ಬೆಳೆದದ್ದು ಮನೆಯ ಹೊಸ್ತಿಲಲ್ಲಿ. ಸಮೀಕ್ಷೆಯವರು ಮನೆಯಲ್ಲಿದ್ದವರನ್ನು ಕೇಳುತ್ತಾರೆ, ಇಲ್ಲದವರ ಸುದ್ದಿಯನ್ನೂ ಅವರಿಂದಲೇ ಬರೆದುಕೊಳ್ಳುತ್ತಾರೆ. ಆದರೆ ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಹೋಗುವವರಲ್ಲಿ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಹೊರಡುವ ಸಂಸಾರಗಳು ಬಹಳ. ಊರಿನ ಮನೆಗೆ ಬೀಗ. ಅವರು ಹೋಗಿ ತಂಗುವ ಬೆಂಗಳೂರಿನ ಶೆಡ್ಡು, ಮನೆಗಳ ಪಟ್ಟಿಗೆ ಸೇರುವುದೇ ಅಪರೂಪ.

ಹೀಗೆ ಎರಡೂ ಕಡೆ ತಪ್ಪಿಹೋಗುವವರು ಎಷ್ಟು ಮಂದಿ? ರಾಷ್ಟ್ರೀಯ ಮಾದರಿ ಸಮೀಕ್ಷೆಯ 2007-08ರ ಸುತ್ತು, ವರ್ಷದಲ್ಲಿ ಒಂದು ತಿಂಗಳಿಂದ ಆರು ತಿಂಗಳೊಳಗೆ ದುಡಿಮೆಗಾಗಿ ಊರು ಬಿಟ್ಟವರನ್ನು ಒಂದೂವರೆ ಕೋಟಿಯ ಆಸುಪಾಸಿಗೆ ನಿಲ್ಲಿಸಿತು. 2009ರಲ್ಲಿ ಸಂಶೋಧಕರಾದ ಪ್ರಿಯಾ ದೇಶಿಂಗ್ಕರ್ ಮತ್ತು ಶಾಹೀನ್ ಅಖ್ತರ್ ಕಟ್ಟಡ, ಇಟ್ಟಿಗೆ ಭಟ್ಟಿ, ಮನೆಗೆಲಸ, ಜವಳಿ ಎಂದು ಕಸುಬುಗಳ ಅಂದಾಜನ್ನು ಕೂಡಿಸಿ, ಬಂದುಹೋಗುವ ವಲಸಿಗರು ಸುಮಾರು 10 ಕೋಟಿ ಎಂದರು. ಅಂದಾಜು ಒರಟಾದದ್ದೇ. ಆದರೂ ಮನೆಯ ಬದಲು ಕೆಲಸದ ಕಡೆಯಿಂದ ಲೆಕ್ಕ ಹಿಡಿದ ಅವರ ದಾರಿ ಸರಿ.

ಹೆಂಗಸರ ವಿಷಯದಲ್ಲಿ ತಪ್ಪು ಇನ್ನೂ ಆಳ. ಜನಗಣತಿ ವಲಸೆಯ ಕಾರಣವನ್ನು ಕೇಳತೊಡಗಿದ್ದು 1981ರಲ್ಲಿ. ಬರೆಯುವುದು ಒಂದೇ ಕಾರಣ. ಮದುವೆಯಾಗಿ ಬಂದ ಮರುವಾರವೇ ಗಾರೆ ಕೆಲಸಕ್ಕೆ ಇಳಿದವಳೂ ಅಲ್ಲಿ ‘ಮದುವೆ’ಯ ಲೆಕ್ಕಕ್ಕೇ ಸೇರುತ್ತಾಳೆ. ಇಂದ್ರಾಣಿ ಮಜುಂದಾರ್, ಎನ್. ನೀತಾ, ಇಂದು ಅಗ್ನಿಹೋತ್ರಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಗಟ್ಟಿಯಾಗಿಯೇ ಪ್ರಶ್ನಿಸಿತು.

ಮನೆಪಟ್ಟಿಗೆ ಅಂಟಿಕೊಳ್ಳದ ಇನ್ನೊಂದು ಪರಂಪರೆಯಲ್ಲಿ ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ದೊಡ್ಡ ಹೆಸರು. 1960ರ ದಶಕದ ಮೊದಲಲ್ಲಿ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದ ಅವರು, ದಶಕಗಟ್ಟಲೆ ಕೂಲಿಗಳ ಬೆನ್ನು ಹಿಡಿದು ಕಬ್ಬಿನ ಗದ್ದೆ, ಇಟ್ಟಿಗೆ ಭಟ್ಟಿ, ಸೂರತ್ತಿನ ಕಾರ್ಖಾನೆಗಳನ್ನು ಸುತ್ತಿದರು. ಮುಂಗಡ ಸಾಲ ಮನುಷ್ಯರನ್ನು ಹೇಗೆ ಕಟ್ಟಿಹಾಕುತ್ತದೆ, ಊರಿನ ಕೂಲಿಗಳು ಖಾಲಿ ಕುಳಿತಿದ್ದರೂ ಮಾಲೀಕರು ದೂರದವರನ್ನೇ ಏಕೆ ಕರೆತರುತ್ತಾರೆ ಎಂಬುದು ಇಂಥ ಅಲೆದಾಟಕ್ಕೆ ದಕ್ಕುತ್ತದೆ, ಪ್ರಶ್ನಾವಳಿಗಲ್ಲ. ಇಷ್ಟು ಹತ್ತಿರದ ಬರಹಕ್ಕೆ ಅದರದೇ ಅಪಾಯವೂ ಇದೆ. ಹಳ್ಳಿಯ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಮಾತಾಡಿದ ಕೂಲಿಗೆ ಮರುವರ್ಷದ ಮುಂಗಡ ತಪ್ಪಬಹುದು. ಶೆಡ್ಡಿನೊಳಗೆ ಕಾಲಿಡಲೂ ಮೇಸ್ತ್ರಿಯ ಅಪ್ಪಣೆ ಬೇಕಾದ ಕಡೆ, ಅವನ ಕಣ್ಣೆದುರೇ ಒತ್ತಿಸಿಕೊಂಡ ಹೆಬ್ಬೆಟ್ಟನ್ನು ಒಪ್ಪಿಗೆಯೆಂದು ಯಾವ ವಿಶ್ವವಿದ್ಯಾಲಯವೂ ಮಾನ್ಯ ಮಾಡಕೂಡದು.

2020ರ ಲಾಕ್‌ಡೌನ್ ಈ ಎರಡೂ ಪರಂಪರೆಗಳನ್ನು ಒರೆಗೆ ಹಚ್ಚಿತು. ಹಸಿದವರನ್ನು ಪ್ರಶ್ನೆ ಕೇಳಿ ಸುಮ್ಮನೆ ಬರೆದುಕೊಂಡು ಹೋಗಬಹುದೇ? ಸ್ವಾನ್ ಎಂಬ ಸ್ವಯಂಸೇವಕರ ಜಾಲ ಫೋನ್ ಮಾಡಿದವರ ಖಾತೆಗೆ ಹಣ ಹಾಕುತ್ತ, ರೇಷನ್ ಕೊಡಿಸಲು ಓಡಾಡುತ್ತ, ಜೊತೆಗೇ ಮಾಹಿತಿ ಕಲೆಹಾಕಿತು. ಏಪ್ರಿಲ್ ನಡುವಿನ ಅದರ ವರದಿಯಲ್ಲಿ 11,159 ಕಾರ್ಮಿಕರಿದ್ದರು. ಕೇಳಿದವರಲ್ಲಿ 96% ಮಂದಿಗೆ ಸರ್ಕಾರದ ರೇಷನ್ ತಲುಪಿರಲಿಲ್ಲ. ಕಷ್ಟಕ್ಕೆ ಸಿಲುಕಿ ಕರೆ ಮಾಡಿದವರ ಚಿತ್ರವಿದು, ಇಡೀ ದೇಶದ್ದಲ್ಲ. ಆ ಮಿತಿಯೊಳಗೂ ಅದರ ಬೆಲೆ ದೊಡ್ಡದು, ಏಕೆಂದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಊರಿಗೆ ಮರಳುವಾಗ ಸತ್ತ ವಲಸಿಗರ ಮಾಹಿತಿ ತನ್ನಲ್ಲಿಲ್ಲವೆಂದು ಕೇಂದ್ರ ಸರ್ಕಾರ ಲೋಕಸಭೆಗೆ ತಿಳಿಸಿತು.

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಉತ್ತರ ಕರ್ನಾಟಕದ ಬಹಳಷ್ಟು ಒಣಭೂಮಿ ಊರುಗಳು ಗುಳೆಗೆ ಖಾಲಿಯಾಗುವ ಕಾಲವದು. ಗಣತಿದಾರರು ಶೆಡ್ಡುಗಳಿಗೆ ಯಾವಾಗ ಹೋಗಬೇಕು, ಮೇಸ್ತ್ರಿಯನ್ನು ದೂರವಿಟ್ಟು ಹೇಗೆ ಮಾತಾಡಿಸಬೇಕು, ಹೆಂಗಸರನ್ನು ಅವರ ದುಡಿಮೆಯ ಬಗ್ಗೆ ನೇರವಾಗಿ ಹೇಗೆ ಕೇಳಬೇಕು ಎಂಬುದು ತರಬೇತಿಯ ಹೊತ್ತಿಗೇ ತೀರ್ಮಾನವಾಗಬೇಕು.