ಪದ್ಯವಿಲ್ಲದ ಅರ್ಥಗಾರಿಕೆ: ಅಚ್ಯುತನ್ ಕೂಡಲ್ಲೂರರ ಚಿತ್ರಗಳು

'ಇದೇನು?' ಅಮೂರ್ತ ಚಿತ್ರದ ಮುಂದೆ ನಿಂತವರೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ. ಅಚ್ಯುತನ್ ಕೂಡಲ್ಲೂರರ ಚಿತ್ರಗಳನ್ನು ನೋಡಿದಾಗ ನಾನೂ ಕೇಳಿಕೊಂಡೆ. ಹೊಳೆಯೇ, ಗದ್ದೆಯೇ, ಮುಸ್ಸಂಜೆಯೇ ಎಂದು ಹುಡುಕಿದೆ. ಹೆಸರನ್ನಾದರೂ ನೋಡೋಣವೆಂದರೆ ಹಲವು ಚಿತ್ರಗಳಿಗೆ ಹೆಸರೇ ಇಲ್ಲ.

ಕೂಡಲ್ಲೂರು ಪಾಲಕ್ಕಾಡ್ ಜಿಲ್ಲೆಯಲ್ಲಿ ನಿಳಾ ನದಿಯ ದಡದ ಊರು, ಎಂ.ಟಿ. ವಾಸುದೇವನ್ ನಾಯರರ ಊರೂ ಹೌದು. 1945ರಲ್ಲಿ ಅಲ್ಲಿ ಹುಟ್ಟಿದ ಅಚ್ಯುತನ್ ಸಿವಿಲ್ ಇಂಜಿನಿಯರಿಂಗ್ ಕಲಿತು, ಮದ್ರಾಸಿನಲ್ಲಿ ಸರಕಾರಿ ನೌಕರಿಗೆ ಸೇರಿದರು. ಮೊದಲು ಮಲೆಯಾಳದಲ್ಲಿ ಕತೆ ಬರೆದರು. ಆಮೇಲೆ ಮದ್ರಾಸ್ ಆರ್ಟ್ ಕ್ಲಬ್ಬಿನಲ್ಲಿ ಕುಂಚ ಹಿಡಿದರು. ಆರಂಭದ ಚಿತ್ರಗಳಲ್ಲಿ ಮನುಷ್ಯಾಕೃತಿಗಳಿದ್ದವು. ಕ್ರಮೇಣ ಆಕಾರಗಳೆಲ್ಲ ಕರಗಿ ಬಣ್ಣ ಮಾತ್ರ ಉಳಿಯಿತು. 1988ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಬಂತು. 2022ರಲ್ಲಿ ಚೆನ್ನೈಯಲ್ಲಿ ತೀರಿಕೊಂಡರು.

ಇಂಜಿನಿಯರನಿಗೆ ನಕ್ಷೆಯಿಲ್ಲದೆ ಒಂದು ಕಲ್ಲೂ ಏಳುವುದಿಲ್ಲ. ಈ ಚಿತ್ರಗಳಲ್ಲಿ ಮಾತ್ರ ನಕ್ಷೆಯ ಸುಳಿವೇ ಇಲ್ಲ. ಒಂದು ಬಣ್ಣ ಬೀಳುತ್ತದೆ. ಅದು ಇನ್ನೊಂದನ್ನು ಕರೆಯುತ್ತದೆ. ಮೂರನೆಯದು ಬಂದು ಎರಡನ್ನೂ ಪ್ರಶ್ನಿಸುತ್ತದೆ. ತಾಳಮದ್ದಳೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಅರ್ಥಧಾರಿ ಮಾತನ್ನು ಬರೆದುಕೊಂಡು ಬರುವುದಿಲ್ಲ; ಎದುರಾಳಿಯ ಮಾತಿನಿಂದಲೇ ಅವನ ಮಾತು ಹುಟ್ಟುತ್ತದೆ. ಆದರೆ ಅವನಿಗೆ ಆಧಾರವಾಗಿ ಭಾಗವತರ ಪದ್ಯವಿದೆ. ಇಲ್ಲಿ ಪದ್ಯ ಯಾವುದು? ಮೊದಲು ಬಿದ್ದ ಬಣ್ಣವೇ ಎಂದು ನನ್ನ ಎಣಿಕೆ. ಅದನ್ನು ಮರೆತು ಮುಂದಿನ ಬಣ್ಣ ಹಚ್ಚುವಂತಿಲ್ಲ. ಹಾಗಾಗಿ ಈ ಸ್ವಾತಂತ್ರ್ಯಕ್ಕೂ ಕಟ್ಟುಪಾಡು ಇದೆ. 'ಇದನ್ನು ಮಕ್ಕಳೂ ಮಾಡಬಲ್ಲರು' ಎನ್ನುವವರು ಗಮನಿಸದೆ ಹೋಗುವುದು ಇದನ್ನೇ.

ಒಂದು ತಕರಾರೂ ಇದೆ. ಆಶುಮಾತಿನಲ್ಲಿ ಪಳಗಿದ ನಾಲಿಗೆಗೆ ಕೆಲವು ಮಾತುಗಳು ರೂಢಿಯಾಗಿಬಿಡುತ್ತವೆ. ಇವರ ಕೆಂಪಿನ ಬಗ್ಗೆಯೂ ನನಗೆ ಕೆಲವೊಮ್ಮೆ ಹಾಗೆನ್ನಿಸಿದೆ. ಅದು ಬಂದೇ ಬರುತ್ತದೆಂದು ಮೊದಲೇ ಗೊತ್ತಾದರೆ ಬೆರಗು ಉಳಿಯುವುದಿಲ್ಲ. ಜಲವರ್ಣಗಳಲ್ಲಿ ಈ ಅಪಾಯ ಕಡಿಮೆ. ನೀರು ತನ್ನಿಷ್ಟದಂತೆ ಹರಿಯುವುದರಿಂದ ಚಿತ್ರಕಾರ ಪ್ರತಿ ಸಲವೂ ಹೊಸದಾಗಿ ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ನಿಳಾ ನದಿ ಎಲ್ಲಿ? ನದಿಯ ಚಿತ್ರ ಎಂದು ತೋರಿಸುವಂಥದ್ದು ಇಲ್ಲಿಲ್ಲ. ಆದರೆ ಮಳೆಗಾಲದ ಹಸಿರಿನ ತೇವ, ನೀರಿನ ಮೇಲೆ ಬಿಸಿಲು ಒಡೆಯುವ ರೀತಿ ಇವೆಲ್ಲ ನನಗೆ ಕಂಡಿವೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇದ್ದಾರೆ. ಊರಿನ ಮಾತು ಅವರ ನಾಲಿಗೆಯಿಂದ ಜಾರೀತೆಂಬ ಭಯ ನಮ್ಮದು. ಆ ಭಯ ಸುಳ್ಳೆನ್ನಲಾರೆ. ಬಣ್ಣ ಭಾಷೆಗೆ ಬದಲಿಯೂ ಅಲ್ಲ. ಆದರೂ ಊರು ಬಿಟ್ಟು, ಕತೆ ಬರೆಯುವುದನ್ನೂ ಬಿಟ್ಟ ಒಬ್ಬರ ಕೈಯಲ್ಲಿ ಊರಿನ ಮಳೆ ಹೀಗೆ ಉಳಿದುಬಂದದ್ದನ್ನು ನೋಡಿದ ಮೇಲೆ, 'ಇದೇನು?' ಎಂಬ ನನ್ನ ಪ್ರಶ್ನೆಯ ಅವಸರ ಕಡಿಮೆಯಾಗಿದೆ.